ಸೋಮವಾರ ಬೆಳಿಗ್ಗೆ ನಿಮ್ಮ ಲಿಪೊ ಎಷ್ಟು ವೋಲ್ಟ್?

ಆರ್‌ಸಿ (ರೇಡಿಯೊ ನಿಯಂತ್ರಿತ) ವಿಮಾನ ಹಾರಿಸುವವರ ಮನೆಗೆ ಹೋದರೆ ಗೋಡೆಗೆ ನೇತುಹಾಕಿದ ಮಾಡೆಲ್‌ಗಳನ್ನು ಹೊಗಳುವುದು ರೂಢಿ. ನನ್ನ ಕಣ್ಣು ಮಾತ್ರ ಬ್ಯಾಟರಿ ಇಟ್ಟ ಜಾಗವನ್ನು ಹುಡುಕುತ್ತದೆ. ಸಲುಗೆ ಇದ್ದ ಮನೆಯಾದರೆ ಒಂದು ಪ್ಯಾಕಿಗೆ ಸೆಲ್ ಚೆಕ್ಕರ್ ಸಿಕ್ಕಿಸಿಯೂ ನೋಡುತ್ತೇನೆ. ಒಂದೊಂದು ಸೆಲ್ಲೂ 3.8 ವೋಲ್ಟ್ ಆಸುಪಾಸು ತೋರಿಸಿದರೆ, ಇವರ ಪಕ್ಕ ನಿಂತು ಧೈರ್ಯವಾಗಿ ಹಾರಿಸಬಹುದು ಅನಿಸುತ್ತದೆ. 4.2 ತೋರಿಸಿ, ‘ಹೋದ ತಿಂಗಳು ಚಾರ್ಜ್ ಮಾಡಿಟ್ಟಿದ್ದೆ ಸಾರ್, ಮಳೆ ಅಂತ ಹೋಗೋಕಾಗಲಿಲ್ಲ’ ಎಂಬ ಸಮಜಾಯಿಷಿ ಬಂದರೆ, ಆತ ಲೂಪು, ರೋಲು ಎಷ್ಟೇ ಸೊಗಸಾಗಿ ಹೊಡೆಯಲಿ, ಇನ್ನೂ ಕಲಿಯುವುದಿದೆ ಎಂದೇ ನನ್ನ ತೀರ್ಮಾನ.

ಗ್ಲೋ ಎಂಜಿನ್ನಿನ ಕಾಲದಲ್ಲಿ ಮೆಥನಾಲ್ ಮತ್ತು ಹರಳೆಣ್ಣೆಯ ಜಿಡ್ಡು ಮೊಣಕೈವರೆಗೂ ಅಂಟುತ್ತಿತ್ತು. ನಿಕಲ್ ಕ್ಯಾಡ್ಮಿಯಂ ಪ್ಯಾಕ್ ಹೊತ್ತ ವಿಮಾನಗಳಂತೂ ನೆಲ ಬಿಟ್ಟೇಳಲು ಏದುಸಿರು ಬಿಡುತ್ತಿದ್ದವು. ಲಿಥಿಯಂ ಪಾಲಿಮರ್, ಅಂದರೆ ಲಿಪೊ, ಬ್ಯಾಟರಿ ಬಂದು ಎಲ್ಲ ಬದಲಾಯಿತು. ಇವತ್ತು ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಒಂದು ಎ2212 ಮೋಟರು, ಅದರ ವೇಗ ನಿಯಂತ್ರಿಸುವ 30 ಆಂಪಿಯರ್ ಇಎಸ್‌ಸಿ, ಮೂರು ಸೆಲ್ಲಿನ 3ಎಸ್ 2200 ಎಂಎಎಚ್ ಪ್ಯಾಕ್ ತಂದು ಫೋಮ್ ಶೀಟ್ ಕತ್ತರಿಸಿ ಅಂಟಿಸಿ ವಾರದೊಳಗೆ ವಿಮಾನ ಏರಿಸುತ್ತಾರೆ. ಮೋಟರು, ಪ್ರೊಪೆಲರ್ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಅವರಿಗೆ ಬ್ಯಾಟರಿ ಬಗ್ಗೆ ಯಾರೂ ಹತ್ತು ನಿಮಿಷ ಹೇಳಿಕೊಟ್ಟಿರುವುದಿಲ್ಲ.

ಫೋನಿನಲ್ಲೂ ಇರುವುದು ಇದೇ ಕುಲದ ಬ್ಯಾಟರಿಯಲ್ಲವೇ, ಅದನ್ನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮಲಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕುಲ ಒಂದೇ, ನಿಜ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ, ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟ ಲಿಥಿಯಂ ಅಯಾನ್ ಕುಲ. ಆದರೆ ಫೋನಿನ ಬ್ಯಾಟರಿಗೆ ಒಂದು ರಕ್ಷಣಾ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದರೆ, ತೀರಾ ಕುಸಿದರೆ, ಶಾರ್ಟ್ ಆದರೆ ಅದು ಸಂಪರ್ಕ ಕಡಿಯುತ್ತದೆ. ಆರ್‌ಸಿ ಪ್ಯಾಕಿಗೆ ಅದಿಲ್ಲ. ಹತ್ತಾರು ಆಂಪಿಯರ್ ಹರಿಯುವ ದಾರಿಯಲ್ಲಿ ಅಂಥದ್ದನ್ನು ಇಟ್ಟರೆ ತೂಕ ಹೆಚ್ಚುತ್ತದೆ. ಅದು ಆಕಾಶದಲ್ಲಿ ಕರೆಂಟು ಕಡಿದರೆ ವಿಮಾನವೇ ಬೀಳುತ್ತದೆ. ಹಾಗಾಗಿ ಆ ಸರ್ಕ್ಯೂಟ್ ಮಾಡಬೇಕಾದ ಕೆಲಸವನ್ನೆಲ್ಲ ಹಾರಿಸುವವನೇ ಮಾಡಬೇಕು. ಸರ್ಕ್ಯೂಟ್ ಇದ್ದರೂ ಎಡವಟ್ಟಾದದ್ದುಂಟು. 2013ರಲ್ಲಿ ಬೋಯಿಂಗ್ 787 ವಿಮಾನಗಳನ್ನು ಲೋಕದಾದ್ಯಂತ ನೆಲಕ್ಕಿಳಿಸಿದ್ದು, 2016ರಲ್ಲಿ ಗ್ಯಾಲಕ್ಸಿ ನೋಟ್ 7 ಫೋನನ್ನು ವಾಪಸು ಪಡೆದದ್ದು ಎರಡಕ್ಕೂ ಲಿಥಿಯಂ ಬ್ಯಾಟರಿಯೇ ಕಾರಣ.

ಲಿಪೊ ಸೆಲ್ಲಿನ ಹೆಸರಿಗಿರುವ ವೋಲ್ಟೇಜ್ 3.7. ತುಂಬಿದಾಗ 4.2. ಯಾವ ಕಾರಣಕ್ಕೂ 3ಕ್ಕಿಂತ ಕೆಳಗಿಳಿಯಬಾರದು, ಹಾರಾಟದಲ್ಲಿ 3.5 ಕಂಡ ಕೂಡಲೇ ಇಳಿಸುವುದು ಜಾಣತನ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕಡೆಗಣಿಸುವುದು ನಡುವಿನ 3.8ನ್ನು.

ಪೂರ್ತಿ ತುಂಬಿದ ಸೆಲ್ ಸುಮ್ಮನೆ ಕೂತಿದ್ದರೂ ಒಳಗೆ ಸುಮ್ಮನಿರುವುದಿಲ್ಲ. 4.2 ವೋಲ್ಟಿನಲ್ಲಿ ಅದರ ಧನ ವಿದ್ಯುದ್ವಾರ ಪಕ್ಕದ ಎಲೆಕ್ಟ್ರೊಲೈಟ್ ದ್ರವವನ್ನು ನಿಧಾನವಾಗಿ ಒಡೆಯುತ್ತಿರುತ್ತದೆ. ಅನಿಲ ಹುಟ್ಟುತ್ತದೆ, ಒಳಗಿನ ಪ್ರತಿರೋಧ ಮಿಲಿಓಮ್ ಲೆಕ್ಕದಲ್ಲಿ ಏರುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಾದರೆ ಈ ಕೆಲಸ ಇನ್ನೂ ಚುರುಕು. ಪ್ರತಿರೋಧ ಏರಿದ ಪ್ಯಾಕ್ ಮುಂದಿನ ಹಾರಾಟದಲ್ಲಿ ಬೇಗ ಬಿಸಿಯಾಗುತ್ತದೆ. ಬಿಸಿಯಾದದ್ದು ಇನ್ನಷ್ಟು ಕೆಡುತ್ತದೆ. ‘ಕಂಪನಿ ಮಾಲು ಸರಿಯಿಲ್ಲ, ಆರು ತಿಂಗಳಿಗೇ ಊದಿಕೊಂಡಿತು’ ಎಂದು ಗೊಣಗುವವರಲ್ಲಿ ಬಹುಪಾಲು ಜನ ಶನಿವಾರ ರಾತ್ರಿ ತುಂಬಿಸಿ, ಭಾನುವಾರ ಹೋಗದೆ, ಮುಂದಿನ ಭಾನುವಾರದವರೆಗೆ ಹಾಗೇ ಬಿಟ್ಟವರು. ಚಾರ್ಜರಿನಲ್ಲಿ ಸ್ಟೋರೇಜ್ ಎಂಬ ಆಯ್ಕೆ ಇರುವುದೇ ಇದಕ್ಕೆ. ತುಂಬಿದ್ದನ್ನು ಇಳಿಸಿ, ಖಾಲಿಯಾದದ್ದನ್ನು ಏರಿಸಿ 3.8ರಿಂದ 3.85ರ ನಡುವೆ ತಂದು ನಿಲ್ಲಿಸುತ್ತದೆ. ಎರಡು ಮೂರು ದಿನ ಹಾರಾಟವಿಲ್ಲ ಎಂದು ಗೊತ್ತಾದರೆ ಸಾಕು, ಆ ಗುಂಡಿ ಒತ್ತಿ.

ಇಷ್ಟೇ ಅನ್ಯಾಯ ತಳದ ತುದಿಯಲ್ಲೂ ನಡೆಯುತ್ತದೆ. ಹಾರಿಸಿ ಬಂದು ಪ್ಯಾಕನ್ನು ವಿಮಾನದಿಂದ ಬಿಚ್ಚದೆ ಬಿಟ್ಟರೆ ಇಎಸ್‌ಸಿ, ರಿಸೀವರ್ ಅದನ್ನು ಹೀರುತ್ತಲೇ ಇರುತ್ತವೆ. ಬ್ಯಾಲೆನ್ಸ್ ವೈರಿಗೆ ಸಿಕ್ಕಿಸುವ ಚಿಕ್ಕ ಬಜರನ್ನು ಮರೆತರೂ ಅದೇ ಕಥೆ. ತೀರಾ ಬತ್ತಿದ ಸೆಲ್ಲಿನಲ್ಲಿ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೊಳಗೇ ಶಾರ್ಟ್ ಮಾಡಬಹುದು. ಲಿಪೊ ಮೋಡಿನಲ್ಲಿ ಚಾರ್ಜರ್ ಒಪ್ಪದಿದ್ದರೆ ನಿಕಲ್ ಮೋಡಿಗೆ ಹಾಕಿ ‘ಎಬ್ಬಿಸುವ’ ಉಪಾಯ ಬಲ್ಲವರು ಪ್ರತಿ ಮೈದಾನದಲ್ಲೂ ಇದ್ದಾರೆ. ಸಾವಿರ ಚಿಲ್ಲರೆ ರೂಪಾಯಿ ಉಳಿಸಲು ಮನೆಯನ್ನು ಪಣಕ್ಕಿಡುವ ಉಪಾಯ ಅದು. ಚಾರ್ಜರ್ ಬೇಡವೆಂದರೆ ಬೇಡ ಅಷ್ಟೇ.

ಚಾರ್ಜ್ ಮಾಡುವಾಗ ಎಡವುವುದು ಮೆನುವಿನಲ್ಲೇ. ಲಿಪೊ, ಲಿಫೆ, ಲಿಅಯಾನ್, ನಿಕಲ್, ಸೀಸ ಎಂದು ಸಾಲಾಗಿ ಬರುತ್ತವೆ. ಗುಂಡಿ ಒಂದು ಸಲ ಹೆಚ್ಚು ಒತ್ತಿದರೆ ಬೇರೆ ರಸಾಯನದ ಲೆಕ್ಕಕ್ಕೆ ಬಿದ್ದಿರುತ್ತೀರಿ. ಬಿ6 ಮಾದರಿಯ ಚಾರ್ಜರುಗಳು ಶುರುವಿಗೆ ಮುಂಚೆ ‘ಆರ್’ ಮತ್ತು ‘ಎಸ್’ ಎಂದು ಎರಡು ಸಂಖ್ಯೆ ತೋರಿಸುತ್ತವೆ: ತಾನು ಕಂಡ ಸೆಲ್ಲುಗಳೆಷ್ಟು, ನೀವು ಹೇಳಿದ್ದೆಷ್ಟು. ಎರಡೂ ಹೊಂದಿದರೆ ಮಾತ್ರ ಮುಂದುವರಿಯಿರಿ. ಬ್ಯಾಲೆನ್ಸ್ ವೈರು ಸಿಕ್ಕಿಸದೆ ಚಾರ್ಜ್ ಮಾಡಲೇಬಾರದು. 3ಎಸ್ ಪ್ಯಾಕಿನ ಒಟ್ಟು 12.6 ವೋಲ್ಟ್ ಸರಿಯಾಗೇ ಇದ್ದು, ಒಂದು ಸೆಲ್ 4.35, ಇನ್ನೊಂದು 4.05 ಇರಬಹುದು, ಹೊತ್ತಿಕೊಳ್ಳುವುದು ಮೊದಲನೆಯದು. ಕರೆಂಟ್ 1ಸಿ, ಅಂದರೆ 2200ರ ಪ್ಯಾಕಿಗೆ 2.2 ಆಂಪಿಯರ್. ಲೇಬಲ್ ಮೇಲೆ 5ಸಿ ಎಂದು ಬರೆದಿದ್ದರೂ ನಾನು ಅವಸರ ಮಾಡುವುದಿಲ್ಲ. ನಾಲ್ಕಾರು ಪ್ಯಾಕುಗಳನ್ನು ಒಂದೇ ಬೋರ್ಡಿಗೆ ಪ್ಯಾರಲಲ್ ಸಿಕ್ಕಿಸುವವರ ಕೌಶಲಕ್ಕೆ ದೂರದಿಂದಲೇ ನಮಸ್ಕಾರ.

ಜಾಗದ ವಿಷಯ. ಹಾಸಿಗೆ, ಸೋಫಾ, ಮರದ ಮೇಜು, ಗ್ಯಾಸ್ ಸಿಲಿಂಡರ್ ಪಕ್ಕ, ಮನೆಯಿಂದ ಹೊರಹೋಗುವ ಬಾಗಿಲಿನ ದಾರಿ ಇವು ಯಾವುವೂ ಬೇಡ. ಬರಿಯ ನೆಲದ ಮೇಲೆ ದಪ್ಪನೆಯ ಮಣ್ಣಿನ ಕುಂಡ ಇಟ್ಟು ಅದರೊಳಗೆ ಚಾರ್ಜ್ ಮಾಡಿ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳಿರಲಿ. ದುಬಾರಿ ಲಿಪೊ ಬ್ಯಾಗಿಗಿಂತ ನನಗೆ ಕುಂಡದ ಮೇಲೇ ನಂಬಿಕೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಅನಿಲ ಹೋಗಲು ದಾರಿ ಬೇಕು. ಚಾರ್ಜ್ ಮುಗಿಯುವವರೆಗೆ ನೀವು ಮನೆಯಲ್ಲಿರಬೇಕು, ಎಚ್ಚರವಾಗಿರಬೇಕು. ಹೊಗೆ ಎದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ, ಆ ಹೊಗೆ ಕುಡಿಯಬೇಡಿ, ಅದರಲ್ಲಿ ಹೈಡ್ರೊಜನ್ ಫ್ಲೋರೈಡ್‌ನಂಥ ವಿಷಾನಿಲಗಳಿರುತ್ತವೆ. ಪ್ಯಾಕನ್ನು ಕೈಯಲ್ಲಿ ಹಿಡಿದು ಓಡಲೂ ಬೇಡಿ. ಸೆಲ್ಲಿನ ಒಳಗಿಂದಲೇ ಆಮ್ಲಜನಕ ಹೊರಬೀಳುವುದರಿಂದ ಮರಳು ಬೆಂಕಿಯನ್ನು ಹರಡದಂತೆ ತಡೆಯುತ್ತದೆಯೇ ಹೊರತು ತಕ್ಷಣ ಆರಿಸುವುದಿಲ್ಲ.

ಹಾರಾಟದ ಟೈಮರ್ ಹೊಂದಿಸುವುದು ಸರಳ ಲೆಕ್ಕ. ಆರು ನಿಮಿಷ ಹಾರಿಸಿದ 2200ರ ಪ್ಯಾಕಿಗೆ ಚಾರ್ಜರ್ 1320 ಎಂಎಎಚ್ ತುಂಬಿತು ಎನ್ನಿ, ನಿಮಿಷಕ್ಕೆ 220. ಶೇ 80 ದಾಟಬಾರದು ಎಂಬ ನಿಯಮಕ್ಕೆ 1760, ಅಂದರೆ ಎಂಟು ನಿಮಿಷ. ಗಾಳಿ ಇದ್ದ ದಿನ ಏಳಕ್ಕೇ ಇಳಿಸಿ. ಇನ್ನು ಲೇಬಲ್ ಮೇಲಿನ 25ಸಿ, 60ಸಿ ಎಂಬ ಅಂಕಿ. 2200ಕ್ಕೆ 25ಸಿ ಎಂದರೆ 55 ಆಂಪಿಯರ್. ಇದನ್ನು ಅಳೆಯಲು ಎಲ್ಲರೂ ಒಪ್ಪಿದ ಪದ್ಧತಿಯಿಲ್ಲ, ಬರೆದವನದೇ ಅಳತೆ. ಅರ್ಧದಷ್ಟನ್ನು ನಂಬಿ.

ಕನೆಕ್ಟರ್ ಬದಲಿಸುವವರಿಗೆ ಒಂದು ಮಾತು: ಕೆಂಪು, ಕಪ್ಪು ವೈರುಗಳನ್ನು ಕಟ್ಟರಿನಲ್ಲಿ ಒಟ್ಟಿಗೆ ಕತ್ತರಿಸಬೇಡಿ. ಒಂದನ್ನು ಕತ್ತರಿಸಿ, ಬೆಸುಗೆ ಹಾಕಿ, ಮುಚ್ಚಿ, ಆಮೇಲೆ ಇನ್ನೊಂದು. ವಿದೇಶದಿಂದ ಬರುವ ಭಾವನ ಕೈಲಿ ಪ್ಯಾಕ್ ತರಿಸುವವರಿಗೆ ಇನ್ನೊಂದು: ಬಿಡಿ ಬ್ಯಾಟರಿ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು, ತುದಿಗಳಿಗೆ ಟೇಪ್ ಸುತ್ತಿರಬೇಕು. 100 ವ್ಯಾಟ್-ಅವರ್ ಒಳಗಿನದಕ್ಕೆ ತಕರಾರಿಲ್ಲ. 3ಎಸ್ 2200 ಕೇವಲ 24.4. ಆದರೆ 6ಎಸ್ 5000 ಪ್ಯಾಕ್ 111 ಆಗುತ್ತದೆ, ವಿಮಾನ ಸಂಸ್ಥೆಯ ಅನುಮತಿ ಮೊದಲೇ ಬೇಕು.

ನೆಲಕ್ಕೆ ಬಡಿದ ವಿಮಾನದ ಪ್ಯಾಕನ್ನು ಕಾರಿನ ಡಿಕ್ಕಿಗೆ ಹಾಕುವ ಮೊದಲು ಅರ್ಧ ಗಂಟೆ ಬಯಲಲ್ಲಿ ಬಿಟ್ಟು ನೋಡಿ. ಪೆಟ್ಟು ತಿಂದದ್ದು ತಡವಾಗಿಯೂ ಹೊತ್ತಿಕೊಳ್ಳಬಹುದು. ಪೂರಿಯ ಹಾಗೆ ಊದಿದ ಪ್ಯಾಕಿಗೆ ಸೂಜಿ ಚುಚ್ಚಿ ಗಾಳಿ ಬಿಡುವ ವೀರರೂ ಇದ್ದಾರೆ. ಅದು ಹೋಯಿತು ಎಂದು ಒಪ್ಪಿಕೊಳ್ಳುವುದೇ ಸರಿ. ಉಪ್ಪುನೀರಿನಲ್ಲಿ ಮುಳುಗಿಸುವ ಹಳೆಯ ಸಲಹೆಯೂ ಬೇಡ. ತುದಿಗಳು ತುಕ್ಕು ಹಿಡಿದು ಸಂಪರ್ಕ ಕಡಿದು, ಒಳಗೆ ಚಾರ್ಜ್ ಹಾಗೇ ಉಳಿದುಬಿಡಬಹುದು. 3ಎಸ್ ಆದರೆ 12 ವೋಲ್ಟಿನ ಕಾರಿನ ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿ, ಬಯಲಲ್ಲಿಟ್ಟು, ಬೆಳಕು ಪೂರ್ತಿ ಆರುವವರೆಗೆ ಬಿಡಿ. ಬಳಿಕ ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇದು ಮನೆಗಸದ ಜೊತೆ ಹೋಗುವಂತಿಲ್ಲ. ಬೆಳಿಗ್ಗೆ ಬರುವ ಆಟೊ ಟಿಪ್ಪರಿಗೆ ಹಾಕಿದರೆ ಅದು ಕಾಂಪ್ಯಾಕ್ಟರ್ ಲಾರಿಯಲ್ಲಿ ಜಜ್ಜಿಹೋಗುತ್ತದೆ, ಅಲ್ಲಿ ಬೆಂಕಿಯೆದ್ದರೆ ಪಕ್ಕದಲ್ಲಿರುವುದು ಪೌರಕಾರ್ಮಿಕರು. ದಯವಿಟ್ಟು ಹಾಗೆ ಮಾಡಬೇಡಿ.