ಬಿಡಲಾರೆನೆಂಬ ಮಾತು: ನಿರ್ದೇಶಕ ವಿಜಯ್ ಅವರ ದೆವ್ವದ ಚಿತ್ರ ಮತ್ತು ಪೀಣ್ಯದ ಬಾಗಿಲುಗಳು

2020ರ ಅಕ್ಟೋಬರ್ 9ರಂದು ಚೆನ್ನೈನಲ್ಲಿ ನಿಧನರಾದ ನಿರ್ದೇಶಕ ವಿಜಯ್ ಅವರನ್ನು ಕನ್ನಡಿಗರು ಸ್ಮರಿಸಿದ್ದು ಬಹುಮಟ್ಟಿಗೆ ‘ಗಂಧದ ಗುಡಿ’ (1973), ‘ಮಯೂರ’ (1975), ‘ಸನಾದಿ ಅಪ್ಪಣ್ಣ’ (1977) ಚಿತ್ರಗಳ ಮೂಲಕ. ಇದು ಸಹಜವೇ. ಆದರೆ ರಾಜಕುಮಾರ್ ಅವರ ಈ ಮೂರು ಚಿತ್ರಗಳ ನೆರಳಿನಲ್ಲಿ, 1979ರಲ್ಲಿ ಅವರು ಅನಂತನಾಗ್ ಮತ್ತು ಲಕ್ಷ್ಮಿ ಅವರನ್ನು ಇಟ್ಟುಕೊಂಡು ಮಾಡಿದ ‘ನಾ ನಿನ್ನ ಬಿಡಲಾರೆ’ ಹಿಂದೆ ಸರಿದುಹೋಯಿತು. ದೆವ್ವದ ಚಿತ್ರವೆಂದರೆ ವಿದ್ವಾಂಸರಿಗೆ ಇಂದಿಗೂ ಒಂದು ಬಗೆಯ ಸಂಕೋಚವಿದೆ. ಜಾನಪದದ ವಿದ್ಯಾರ್ಥಿಗೆ ಅಂಥ ಸಂಕೋಚ ಇರಕೂಡದು. ಈ ಚಿತ್ರದ ಅಭಿಮಾನಿಯಾದ ನನಗಂತೂ ಇಲ್ಲ.

ಈ ಚಿತ್ರ ನನಗೆ ದೊರೆತದ್ದು ಚಿತ್ರಮಂದಿರದಲ್ಲಲ್ಲ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಲಗ್ಗೆರೆ, ಹೆಗ್ಗನಹಳ್ಳಿಗಳ ವಠಾರಗಳಲ್ಲಿ ಗಣೇಶನ ಹಬ್ಬಕ್ಕೆ ವಿ.ಸಿ.ಆರ್. ಬಾಡಿಗೆಗೆ ತಂದು ರಾತ್ರಿಯೆಲ್ಲ ಚಿತ್ರ ಹಾಕುವ ರೂಢಿಯಿತ್ತು. ನೋಡುತ್ತಿದ್ದವರಲ್ಲಿ ಹೆಚ್ಚಿನವರು ನಾನಾ ಜಿಲ್ಲೆಗಳಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಊರಿನ ಹುಣಸೆಮರವನ್ನು ಬಿಟ್ಟು ಬಂದಿದ್ದರೂ ಅದರಲ್ಲಿದ್ದ ಪೀಡೆಯನ್ನು ಬಿಟ್ಟು ಬಂದಿರಲಿಲ್ಲ ಎನ್ನಬೇಕು.

ಗಂಡಸೊಬ್ಬನನ್ನು ಮೋಹಿಸಿ, ಬಯಕೆ ತೀರದೆ ಸತ್ತ ಹೆಣ್ಣು ಅವನ ಮೈಯನ್ನೇ ಹೊಗುವುದು ಚಿತ್ರದ ಕಥಾವಸ್ತು. ಮೈದುಂಬುವಿಕೆಯ ಚಿತ್ರವೆಂದೊಡನೆ 1973ರ ಅಮೆರಿಕದ ‘ದಿ ಎಕ್ಸಾರ್ಸಿಸ್ಟ್’ ನೆನಪಿಗೆ ಬರುವುದುಂಟು. ಅಲ್ಲಿ ಬಾಧೆಗೊಳಗಾಗುವವಳು ಬಾಲಕಿ. ಹೊಕ್ಕದ್ದು ಮನುಷ್ಯ ಸಂಬಂಧವೇ ಇಲ್ಲದ ದುಷ್ಟಶಕ್ತಿ. ವಿಜಯ್ ಅವರ ದೆವ್ವಕ್ಕಾದರೋ ಹೆಸರಿದೆ, ಬದುಕಿದೆ, ಬಾಕಿ ಉಳಿದ ಆಸೆಯಿದೆ. ನಮ್ಮ ಹಳ್ಳಿಗಳಲ್ಲಿ ‘ಗಾಳಿ ಸೋಕಿದೆ’, ‘ಮೆಟ್ಟಿಕೊಂಡಿದೆ’ ಎನ್ನುವಾಗ ಸೂಚಿತವಾಗುವುದು ಇಂಥ ಪರಿಚಿತ ಸತ್ತವರೇ. ಹರೆಯದ ಗಂಡಸನ್ನು ಹಿಡಿಯುವ ಮೋಹಿನಿಯೂ ಜನಪದ ಕಥೆಗಳಿಗೆ ಹೊಸಬಳಲ್ಲ. ಆದಕಾರಣ ಗಂಡಿನ ಮೈಗೆ ಹೆಣ್ಣುದೆವ್ವ ಬರುವುದನ್ನು ನಿರ್ದೇಶಕರ ಚಮತ್ಕಾರವೆಂದು ಕೊಂಡಾಡುವುದು ಸರಿಯಲ್ಲ. ಅದು ಪರಂಪರೆಗೆ ತೋರಿದ ನಿಷ್ಠೆ. ಚಮತ್ಕಾರವೇನಿದ್ದರೂ ಅನಂತನಾಗ್ ಅವರ ಕಣ್ಣು ಮತ್ತು ಕೊರಳಿನಲ್ಲಿದೆ.

ಶೀರ್ಷಿಕೆಯನ್ನೇ ಗಮನಿಸಬೇಕು. ‘ನಾ ನಿನ್ನ ಬಿಡಲಾರೆ’ ಎನ್ನುವವರು ಯಾರು? ಮೊದಲಿಗೆ ದೆವ್ವ. ಆದರೆ ಗಂಡನನ್ನು ಉಳಿಸಿಕೊಳ್ಳಲು ಹೆಣಗುವ ಹೆಂಡತಿಯ ಮಾತೂ ಅದೇ. ಕಡೆಗೆ ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಸನ್ನಿಧಿಯಲ್ಲಿ ಅದು ಭಕ್ತರ ಮೊರೆಯೂ ಆಗುತ್ತದೆ. ಒಂದೇ ವಾಕ್ಯಕ್ಕಾಗಿ ಮೂವರು ಹಕ್ಕುದಾರರು. ಚಿತ್ರದ ಭಯ ಹುಟ್ಟುವುದು ಇಲ್ಲಿಂದ. ಸತ್ತವಳ ಹಟಕ್ಕೂ ಗೃಹಿಣಿಯ ನಿಷ್ಠೆಗೂ ಭಾಷೆ ಒಂದೇ ಆಗಿರುವುದರಿಂದ. ವಿಜಯ್ ಅವರೇ 1981ರಲ್ಲಿ ಈ ಕಥೆಯನ್ನು ರೇಖಾ ಮತ್ತು ಅನಂತನಾಗ್ ಅಭಿನಯದಲ್ಲಿ ಹಿಂದಿಗೆ ಕೊಂಡೊಯ್ದಾಗ ಹೆಸರು ‘ಮಂಗಳಸೂತ್ರ’ವಾಯಿತು. ಹಕ್ಕು ಹೆಂಡತಿಯೊಬ್ಬಳಿಗೇ ಸಂದಿತು. ದೆವ್ವ ತನ್ನ ಮಾತನ್ನು ಕಳೆದುಕೊಂಡಿತು.

ನನ್ನ ತಕರಾರಿರುವುದು ಪರಿಹಾರದ ಬಗ್ಗೆ. ಗಾಳಿ ಬಿಡಿಸುವ ಜನಪದ ಕ್ರಮದಲ್ಲಿ ಹೊಡೆತ ಬಡಿತಗಳಿರುವುದು ನಿಜ. ಆದರೂ ಅದರ ತಿರುಳು ಸಂವಾದ. ‘ಯಾರು ನೀನು, ಎಲ್ಲಿಂದ ಬಂದೆ, ಏನು ಬೇಕು’ ಎಂದು ಕೇಳುತ್ತಾರೆ. ದೆವ್ವ ಎಡೆ ಕೇಳುತ್ತದೆ, ಸೀರೆ ಕೇಳುತ್ತದೆ, ತನಗಾದ ಅನ್ಯಾಯ ಹೇಳುತ್ತದೆ. ಚೌಕಾಶಿ ನಡೆದು ಒಪ್ಪಂದವಾಗುತ್ತದೆ. ಚಿತ್ರವು ಗುರುವಿನ ಮಹಿಮೆಯತ್ತ ಹೊರಳಿದ ಮೇಲೆ ಈ ಚೌಕಾಶಿಗೆ ಎಡೆಯಿಲ್ಲ. ಸತ್ತವಳು ಸೋಲುತ್ತಾಳೆ, ಸಮಾಧಾನಗೊಳ್ಳುವುದಿಲ್ಲ. ದೇವರ ಸನ್ನಿಧಿಯಲ್ಲಿ ಬಿಡುಗಡೆ ಎಂಬುದು ಜನಪದಕ್ಕೆ ಹೊರತಾದುದಲ್ಲ. ಕಲಬುರಗಿ ಜಿಲ್ಲೆಯ ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಇಂದಿಗೂ ಬಾಧಿತರನ್ನು ಕರೆತರುತ್ತಾರೆ. ಆದರೆ ಅಲ್ಲಿ ಅವರು ಎಲ್ಲರೆದುರು ಕೂಗುತ್ತಾರೆ, ಕಂಬ ಹತ್ತುತ್ತಾರೆ. ಒಳಗಿನ ಮಾತಿಗೆ ಒಂದು ಬಯಲಾದರೂ ಸಿಗುತ್ತದೆ.

ಈ ಕೊರತೆಯನ್ನು ತುಂಬಿದ್ದು ಬೆಂಗಳೂರಿನ ಜನರೇ ಎಂದು ನನಗೆ ತೋರುತ್ತದೆ. 1990ರ ದಶಕದಲ್ಲಿ ನಗರದಾದ್ಯಂತ ಹಬ್ಬಿದ ‘ನಾಳೆ ಬಾ’ ವದಂತಿಯನ್ನು ಅನೇಕರು ಬಲ್ಲರು. ರಾತ್ರಿ ದೆವ್ವವೊಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬುದು ಅದರ ಸಾರ. ಪೀಣ್ಯದ ಸುತ್ತಿನ ಬಡಾವಣೆಗಳಲ್ಲಿ ಸೀಮೆಸುಣ್ಣದಿಂದ, ಇದ್ದಿಲಿನಿಂದ, ಕಾರ್ಖಾನೆಯ ಉಳಿಕೆ ಬಣ್ಣದಿಂದ ಬರೆದ ಈ ಎರಡು ಪದಗಳನ್ನು ಬಾಗಿಲ ಮೇಲೆ ಕಂಡಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ನಿಜವಾಗಿಯೂ ಬಾಗಿಲು ಬಡಿಯುವ ಓಣಿಗಳವು. ದನಿ ಯಾರದೆಂಬ ಪ್ರಶ್ನೆ ಅಲ್ಲಿ ಪ್ರತಿರಾತ್ರಿಯದು. ಇಲ್ಲಿ ಮಂತ್ರವಾದಿಯಿಲ್ಲ, ಗುರುವಿಲ್ಲ. ದೆವ್ವಕ್ಕೆ ಅಕ್ಷರ ಬರುತ್ತದೆ, ಅದು ಹೇಳಿದ ಮಾತು ಕೇಳುತ್ತದೆ ಎಂಬ ನಂಬಿಕೆ ಮಾತ್ರ ಇದೆ. ‘ಬಾರಬೇಡ’ ಎಂದು ಯಾರೂ ಬರೆಯಲಿಲ್ಲವೆಂಬುದು ಗಮನಾರ್ಹ. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದೇ ನಂಬಿಕೆಯನ್ನು ಬಳಸಿಕೊಂಡಿತು.

ಚಿತ್ರಕ್ಕೂ ವದಂತಿಗೂ ನೇರ ಸಂಬಂಧವಿತ್ತೆಂದು ನಾನು ವಾದಿಸುತ್ತಿಲ್ಲ. ಬಿಡಲಾರೆನೆಂದು ಪಟ್ಟು ಹಿಡಿದ ಹೆಣ್ಣನ್ನು ವಿಜಯ್ ಅವರ ಚಿತ್ರ ದೇವರ ಮುಂದೆ ನಿಲ್ಲಿಸಿ ಸೋಲಿಸಿತು. ಅದೇ ಚಿತ್ರವನ್ನು ನೋಡಿ ಹೆದರಿದ ವಠಾರಗಳು ಬಾಗಿಲಿಗೆ ಬಂದವಳಿಗೆ ಒಂದು ದಿನದ ವಾಯಿದೆ ಕೊಟ್ಟು ಕಳುಹಿಸಿದವು, ಮರುದಿನವೂ ಹಾಗೆಯೇ.