ಡೀಮನ್ನಿನ ಗ್ರೂಪುಗಳು ಎಲ್ಲಿ ಹೋದವು?

ಹೆಸರು ಅದೇ, ಯಂತ್ರ ಅದೇ, ಪ್ರೋಗ್ರಾಮೂ ಅದೇ. ಟರ್ಮಿನಲ್ಲಿನ ಮುಂದೆ ಕುಳಿತು ಕೈಯಾರೆ ನಡೆಸಿದಾಗ ಸಾಂಗವಾಗಿ ನೆರವೇರುವ ಕಾರ್ಯವು, ತೆರೆಯ ಮರೆಯಲ್ಲಿ ಡೀಮನ್ ಆಗಿ ನಡೆಯತೊಡಗಿದೊಡನೆ ‘ಪರ್ಮಿಶನ್ ಡಿನೈಡ್’ ಎಂದು ನಿಂತುಹೋಗುವುದೆಂದರೆ, ಲಿನಕ್ಸನ್ನು ಪ್ರೀತಿಯಿಂದ ಅಭ್ಯಾಸಮಾಡುವವರ ಪಾಲಿಗೆ ಅದಕ್ಕಿಂತ ರಸವತ್ತಾದ ಪ್ರಶ್ನೆ ಮತ್ತೊಂದಿರಲಾರದು.

2005ರ ಜುಲೈ 26ರಂದು ಆರಂಭವಾದ ಒಂದೇ ಅಹೋರಾತ್ರದಲ್ಲಿ ಮುಂಬಯಿಯ ಸಾಂತಾಕ್ರೂಝಿನ ಮಾಪಕವು 944 ಮಿಲಿಮೀಟರ್ ಮಳೆಯನ್ನು ದಾಖಲಿಸಿದ ಮೇಲೆ, ಮಳೆಯ ಲೆಕ್ಕವನ್ನು ಮನೆಯಲ್ಲಿಯೇ ಇಡಬೇಕೆಂಬ ಆಸೆ ನನ್ನಲ್ಲಿ ಬೇರೂರಿತು. ಭಾಂಡುಪಿನ ನಮ್ಮ ತಾರಸಿಯ ಮಳೆಮಾಪಕದಿಂದ ಇಳಿದ ತಂತಿಯು ಪುಟ್ಟದೊಂದು ಡೆಬಿಯನ್ ಯಂತ್ರದ ಸೀರಿಯಲ್ ಪೋರ್ಟನ್ನು ಸೇರುತ್ತದೆ. ಆ ಪೋರ್ಟಿನ ಕಡತಕ್ಕೆ ಒಡೆಯನು ರೂಟ್, ಗ್ರೂಪು ಡಯಲ್‌ಔಟ್, ಅನುಮತಿ 660. ಎಂದರೆ ಆ ಗ್ರೂಪಿಗೆ ಸೇರದ ಸಾಮಾನ್ಯ ಯೂಸರಿಗೆ ಅಲ್ಲಿ ಪ್ರವೇಶವಿಲ್ಲ. ಯೂಸರನ್ನು ಗ್ರೂಪಿಗೆ ಕ್ರಮವಾಗಿ ಸೇರಿಸಿಯಾಗಿದ್ದರೂ ಡೀಮನ್ನಿಗೆ ಮಾತ್ರ ಪೋರ್ಟು ತೆರೆಯದು.

ಆದಿಕಾಲದ ಯುನಿಕ್ಸಿನಲ್ಲಿ ಒಂದು ಪ್ರೊಸೆಸ್ಸಿಗೆ ಒಂದು ಹೊತ್ತಿಗೆ ಒಂದೇ ಗ್ರೂಪು. ಮತ್ತೊಂದಕ್ಕೆ ಹೋಗಬೇಕಾದವನು ‘ನ್ಯೂಗ್ರೂಪ್’ ಎಂಬ ಆಜ್ಞೆಯನ್ನು ಕೊಡಬೇಕಾಗಿತ್ತು. ಏಕಕಾಲಕ್ಕೆ ಹಲವು ಗ್ರೂಪುಗಳಲ್ಲಿರುವ ಸೌಲಭ್ಯವು 1983ರಲ್ಲಿ ಬರ್ಕ್ಲಿಯ 4.2 ಬಿಎಸ್‌ಡಿಯಿಂದ ಬಂದಿತು. ಲಿನಕ್ಸ್ ಕರ್ನೆಲ್ಲಿನಲ್ಲಿ ಈ ಗ್ರೂಪುಗಳ ಮಿತಿಯು ಬಹುಕಾಲ 32 ಆಗಿದ್ದು, 2004ರ 2.6.4ನೆಯ ಆವೃತ್ತಿಯಲ್ಲಿ 65,536ಕ್ಕೆ ಏರಿತು.

ವಿಷಯದ ತಿರುಳು ಇರುವುದು ಇಲ್ಲಿ: ಯಾವ ಯೂಸರು ಯಾವ ಗ್ರೂಪಿಗೆ ಸೇರಿದವನೆಂಬುದನ್ನು ಬರೆದಿಟ್ಟಿರುವ ಕಡತವನ್ನು ಕರ್ನೆಲ್ಲು ಎಂದೂ ಓದುವುದಿಲ್ಲ. ಲಾಗಿನ್ ಆಗುವಾಗ, ಇನ್ನೂ ರೂಟಿನ ಅಧಿಕಾರವುಳ್ಳ ಪ್ರೋಗ್ರಾಮು ಆ ಕಡತವನ್ನು ಓದಿ, ‘ಇನಿಟ್‌ಗ್ರೂಪ್ಸ್’ ಮೂಲಕ ಪಟ್ಟಿಯನ್ನು ಕರ್ನೆಲ್ಲಿಗೆ ಒಪ್ಪಿಸಿ, ಅನಂತರ ‘ಸೆಟ್‌ಜಿಐಡಿ’, ಕಟ್ಟಕಡೆಗೆ ‘ಸೆಟ್‌ಯುಐಡಿ’ ಮಾಡಿ ತನ್ನ ಅಧಿಕಾರವನ್ನು ತ್ಯಜಿಸುತ್ತದೆ. ಅಲ್ಲಿಂದ ಮುಂದೆ ಹುಟ್ಟುವ ಪ್ರತಿಯೊಂದು ಪ್ರೊಸೆಸ್ಸಿಗೂ ಆ ಪಟ್ಟಿ ಪಿತ್ರಾರ್ಜಿತವಾಗಿ ಬರುತ್ತದೆ. ಕಚೇರಿಯ ಪುಸ್ತಕದಲ್ಲಿ ದರ ಬದಲಾದರೂ ಜೇಬಿನಲ್ಲಿರುವ ಲೋಕಲ್ ಪಾಸಿನ ಅಕ್ಷರ ಬದಲಾಗದಂತೆ, ಕಡತವನ್ನು ಎಷ್ಟು ತಿದ್ದಿದರೂ ಅದಾಗಲೇ ಹುಟ್ಟಿದ ಪ್ರೊಸೆಸ್ಸಿಗೆ ಹೊಸ ಗ್ರೂಪು ದೊರೆಯದು. ಆದುದರಿಂದ, ರೂಟಾಗಿ ಆರಂಭವಾದ ಡೀಮನ್ನು ಸುರಕ್ಷತೆಗೆಂದು ಹಳೆಯ ಪಟ್ಟಿಯನ್ನು ಅಳಿಸಿ, ‘ಇನಿಟ್‌ಗ್ರೂಪ್ಸ್’ ಅನ್ನು ಮರೆತು ಯೂಸರಿನ ಹೆಸರನ್ನು ಮಾತ್ರ ಧರಿಸಿತೆಂದರೆ, ಅದಕ್ಕೆ ಯೂಸರಿನ ಗುರುತು ಉಂಟು, ಅವನ ಹೆಚ್ಚುವರಿ ಗ್ರೂಪುಗಳಿಲ್ಲ.

ಈ ಕ್ರಮನಿಷ್ಠೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಗ್ರೂಪನ್ನು ಕಳಚಿಕೊಂಡರೆ ಅಧಿಕಾರ ಹೆಚ್ಚುವ ಪ್ರಸಂಗವೂ ಉಂಟು: ಇತರರೆಲ್ಲರಿಗೆ ತೆರೆದಿದ್ದು ಒಂದು ಗ್ರೂಪಿಗೆ ಮಾತ್ರ ನಿಷೇಧಿಸಿದ ಕಡತವು, ಆ ಗ್ರೂಪನ್ನು ತೊರೆದವನಿಗೆ ದಕ್ಕುತ್ತದೆ. ಯೂಸರ್ ನೇಮ್‌ಸ್ಪೇಸುಗಳಲ್ಲಿ ಅನಧಿಕೃತರು ಹೀಗೆ ಗ್ರೂಪು ತೊರೆಯುವುದನ್ನು ತಡೆಯಲು 3.19ನೆಯ ಕರ್ನೆಲ್ಲಿನಲ್ಲಿ ನಿರ್ಬಂಧವನ್ನೇ ತರಬೇಕಾಯಿತು.

ಇಂದಿನ ಸಿಸ್ಟಮ್‌ಡಿಯು ಸೇವೆಯ ಕಡತದಲ್ಲಿ ‘ಯೂಸರ್’ ಎಂಬ ಸಾಲನ್ನು ಕಂಡರೆ ಗ್ರೂಪುಗಳನ್ನು ತಾನೇ ಒದಗಿಸುತ್ತದೆ. ತೊಡಕು ಉಳಿದಿರುವುದು ಯೂಸರಿನ ಸ್ವಂತ ಮ್ಯಾನೇಜರಿನಲ್ಲಿ: ಲಾಗಿನ್ ಇಲ್ಲದಾಗಲೂ ಅದನ್ನು ನಡೆಸಿಕೊಂಡಿರುವ ‘ಲಿಂಗರ್’ ಇದ್ದಲ್ಲಿ ಅದು ಯಂತ್ರ ಎದ್ದಂದಿನಿಂದ ಹಳೆಯ ಪಟ್ಟಿಯೊಡನೆ ಬದುಕಿರುತ್ತದೆ, ಮತ್ತೆ ಲಾಗಿನ್ ಮಾಡಿದರೂ ಕದಲುವುದಿಲ್ಲ, ಅದರ ಕೈಕೆಳಗಿನ ಸೇವೆಗಳಿಗೆ ಆ ಹಳೆಯ ಪಟ್ಟಿಯೇ ಗತಿ. ಇಂಥ ಸಂದರ್ಭದಲ್ಲಿ ಪೋರ್ಟಿನ ಅನುಮತಿಯನ್ನು 666 ಮಾಡುವುದನ್ನಾಗಲಿ, ಡೀಮನ್ನನ್ನು ರೂಟಾಗಿ ನಡೆಸುವುದನ್ನಾಗಲಿ ನಾನು ಒಪ್ಪಲಾರೆ. ಸೂಜಿಯ ಕೆಲಸಕ್ಕೆ ಗಡಾರಿ ಎತ್ತುವುದು ವಿದ್ಯೆಯಲ್ಲ. ನಮ್ಮ ನೆರೆಯ ಪೊವಾಯಿಯ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಪಾಠಗಳು ಕನ್ನಡದಲ್ಲಿಯೂ ದೊರೆಯುತ್ತಿರುವಾಗ, ಮೂಲವನ್ನರಿಯದೆ ಬಾಗಿಲನ್ನೇ ಕಿತ್ತುಹಾಕಲು ಕಾರಣವೂ ಇಲ್ಲ.

ಪರೀಕ್ಷೆ ಬಹು ಸರಳ. ‘ಐಡಿ’ ಆಜ್ಞೆಗೆ ಯೂಸರಿನ ಹೆಸರನ್ನು ಕೊಟ್ಟರೆ ಅದು ಕಡತದ ಬರಹವನ್ನು ಓದಿ ಹೇಳುತ್ತದೆಯೇ ಹೊರತು ಡೀಮನ್ನಿನ ಸ್ಥಿತಿಯನ್ನಲ್ಲ. ‘ಪ್ರಾಕ್’ ಕೋಶದಲ್ಲಿ ಆ ಪ್ರೊಸೆಸ್ಸಿನ ಸಂಖ್ಯೆಯ ಕೆಳಗಿರುವ ‘ಸ್ಟೇಟಸ್’ ಕಡತದ ‘ಗ್ರೂಪ್ಸ್’ ಸಾಲನ್ನೇ ನೋಡತಕ್ಕದ್ದು. ಡೆಬಿಯನ್ನಿನಲ್ಲಿ ಡಯಲ್‌ಔಟಿನ ಸಂಖ್ಯೆ 20. ಯೂಸರಿನ ಮ್ಯಾನೇಜರನ್ನು ರೂಟಿನಿಂದ ಪುನರಾರಂಭಿಸಿದ ಮೇಲೆ ಆ ಸಾಲಿನಲ್ಲಿ 20 ಕಾಣಿಸಿಕೊಂಡರೆ ಮಳೆಯ ಲೆಕ್ಕ ತಡೆಯಿಲ್ಲದೆ ಸಾಗುತ್ತದೆ.