ಕ್ಯಾಮೆರಾದ ಹಿಂದೆ ನಿಂತ ವಿದ್ಯಾರ್ಥಿ

ದೂರದರ್ಶನವೆಂದರೆ ಮಕ್ಕಳು ನೋಡತಕ್ಕ ವಸ್ತು ಎಂದು ನಮ್ಮ ತಲೆಮಾರಿನವರು ತಿಳಿದಿದ್ದೆವು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದಾಗ ಉತ್ತರ ಕರ್ನಾಟಕದ ಶಾಲಾಮಕ್ಕಳು ಬೆಳಗಿನ ಹೊತ್ತು ಪೆಟ್ಟಿಗೆಯ ಮುಂದೆ ಸಾಲಾಗಿ ಕುಳಿತು ನೋಡಿದರು. ನೋಡುವುದಷ್ಟೇ ಅವರ ಪಾಲಿಗೆ ಬಂದಿತ್ತು. ಇಂದು ಅದೇ ವಯಸ್ಸಿನ ಮಕ್ಕಳು ಶಾಲೆ ಬಿಟ್ಟ ಮೇಲೆ, ರಜೆಯ ದಿನಗಳಲ್ಲಿ, ಕ್ಯಾಮೆರಾ ಹಿಡಿದು ಕಾರ್ಯಕ್ರಮಗಳನ್ನು ತಯಾರಿಸುತ್ತಿದ್ದಾರೆ. ಈ ಬದಲಾವಣೆಯನ್ನು ಕೇವಲ ಪ್ರಗತಿಯೆಂದು ಹೊಗಳಿ ಸುಮ್ಮನಾಗುವುದು ಸರಿಯೇ ಎಂಬುದು ನನ್ನ ಪ್ರಶ್ನೆ.

ನೆರೆಯ ಕೇರಳದಲ್ಲಿ ಇದು ವ್ಯವಸ್ಥಿತವಾಗಿ ನಡೆದಿದೆ. ಅಲ್ಲಿನ ಸರ್ಕಾರದ ಶೈಕ್ಷಣಿಕ ವಾಹಿನಿಯಾದ ವಿಕ್ಟರ್ಸ್ ಅನ್ನು 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಉದ್ಘಾಟಿಸಿದರು. 2018ರಲ್ಲಿ ಪ್ರೌಢಶಾಲೆಗಳಲ್ಲಿ 'ಲಿಟ್ಲ್ ಕೈಟ್ಸ್' ಎಂಬ ವಿದ್ಯಾರ್ಥಿ ಸಂಘಗಳು ಆರಂಭವಾದವು. ಎಂಟನೆಯ ತರಗತಿಯಲ್ಲಿ ಪರೀಕ್ಷೆಯ ಮೂಲಕ ಆಯ್ಕೆಯಾದ ಮಕ್ಕಳಿಗೆ ಆನಿಮೇಷನ್, ಪ್ರೋಗ್ರಾಮಿಂಗ್, ಯಂತ್ರಭಾಗಗಳ ಪರಿಚಯ, ಕ್ಯಾಮೆರಾ ಇವೆಲ್ಲವನ್ನೂ ಕಲಿಸುತ್ತಾರೆ. 1957ರಿಂದ ನಡೆದುಬಂದಿರುವ ಶಾಲಾ ಕಲೋತ್ಸವದಲ್ಲಿ ಈ ಮಕ್ಕಳೂ ಕ್ಯಾಮೆರಾ ಹಿಡಿದು ಓಡಾಡುತ್ತಾರೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೂ ಇದರಲ್ಲಿ ಪಾಲಿದೆ. 2019ರಲ್ಲಿ ಕಲೋತ್ಸವವೇ ಕಾಞಂಗಾಡಿಗೆ ಬಂದಿತ್ತು.

ಯೋಜನೆಯ ಗುಣವನ್ನು ಮೊದಲು ಹೇಳಿಬಿಡುತ್ತೇನೆ. ಪರದೆಯ ಮೇಲೆ ಮೆರೆಯಬೇಕೆಂಬ ಹಂಬಲಕ್ಕಿಂತ ಪರದೆಯ ಹಿಂದೆ ದುಡಿಯುವ ಅಭ್ಯಾಸ ನೂರು ಪಾಲು ಮೇಲು. ಖಾಸಗಿ ವಾಹಿನಿಗಳ ನೃತ್ಯಸ್ಪರ್ಧೆಗಳಲ್ಲಿ ಎಳೆಯರಿಂದ ದೊಡ್ಡವರ ಹಾವಭಾವ ಮಾಡಿಸುವುದನ್ನು ಕಂಡು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ 2019ರ ಜೂನ್‌ನಲ್ಲಿ ವಾಹಿನಿಗಳಿಗೆ ಎಚ್ಚರಿಕೆಯ ಸಲಹೆ ನೀಡಬೇಕಾಯಿತು. ಕ್ಯಾಮೆರಾ ಹಿಡಿದ ಹುಡುಗಿಗೆ ಆ ಅವಸ್ಥೆಯಿಲ್ಲ. ಅವಳು ಹತ್ತು ಜನರೊಡನೆ ಹೊಂದಿಕೊಂಡು ಕೆಲಸ ಮಾಡಲು, ಹೇಳಿದ ಸಮಯಕ್ಕೆ ಸಿದ್ಧಳಾಗಿರಲು ಕಲಿಯುತ್ತಾಳೆ. ನಮ್ಮ ಅಂಗಡಿಗೆ ಕೆಲಸಕ್ಕೆ ಬರುವ ಪದವೀಧರರಲ್ಲಿ ಈ ಎರಡು ಗುಣಗಳಿಗೇ ಬರ.

ಆದರೆ ನೇರಪ್ರಸಾರದ ಸ್ವಭಾವವೇ ಬೇರೆ. ಮುದ್ರಿತ ಕಾರ್ಯಕ್ರಮದಲ್ಲಿ ತಪ್ಪನ್ನು ಕತ್ತರಿಸಬಹುದು, ರಾತ್ರಿ ಮಲಗಿ ಬೆಳಿಗ್ಗೆ ಮತ್ತೊಮ್ಮೆ ಯೋಚಿಸಬಹುದು. ನೇರಪ್ರಸಾರದಲ್ಲಿ ಯಾವ ಕ್ಯಾಮೆರಾದ ಚಿತ್ರ ಹೊರಗೆ ಹೋಗಬೇಕೆಂಬುದು ಆ ಕ್ಷಣದಲ್ಲಿ ತೀರ್ಮಾನವಾಗುತ್ತದೆ; ಹೋದದ್ದು ಹೋಯಿತು.

ಮಂಜೇಶ್ವರದ ಕಡೆ ಇರುವ ನನ್ನ ತಂಗಿಯ ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಸ್ಥಳೀಯ ಸಮಾರಂಭದ ನೇರಪ್ರಸಾರಕ್ಕೆ ಕ್ಯಾಮೆರಾ ಹಿಡಿದಿದ್ದಳು. ಕನ್ನಡ ಪದ್ಯದ ಕಂಠಪಾಠಕ್ಕೆ ಬಂದ ಚಿಕ್ಕ ಹುಡುಗನೊಬ್ಬ ಎರಡನೆಯ ಚರಣದಲ್ಲಿ ತಡವರಿಸಿದ. ಮತ್ತೆ ಮೊದಲಿನಿಂದ ಆರಂಭಿಸಿ ಅಲ್ಲಿಯೇ ನಿಂತ. ಕಣ್ಣಲ್ಲಿ ನೀರು ತುಂಬಿತು. ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಯಂತ್ರದಲ್ಲಿ, "ಮುಖದ ಮೇಲೆಯೇ ಇರಲಿ, ಇನ್ನೂ ಹತ್ತಿರ" ಎಂಬ ಆಜ್ಞೆ ಬಂತು. ಹುಡುಗಿ ಮೆಲ್ಲನೆ ಕ್ಯಾಮೆರಾವನ್ನು ಮೇಲೆತ್ತಿ ವೇದಿಕೆಯ ತೋರಣವನ್ನು ತೋರಿಸಿದಳು. ಉಸ್ತುವಾರಿ ವಹಿಸಿದ್ದವರು ಆಮೇಲೆ ಎಲ್ಲರೆದುರು ಗದರಿಸಿದರು; ಮರುದಿನ ಅವಳ ಕೈಗೆ ಕ್ಯಾಮೆರಾ ಕೊಡಲಿಲ್ಲ. "ಅಜ್ಜ, ನಾನು ಮಾಡಿದ್ದು ತಪ್ಪಾ?" ಎಂದು ಅವಳು ಕೇಳಿದಾಗ ಲೆಕ್ಕಪತ್ರ ಓದಿ ಕೂದಲು ನರೆತ ನಾನು ಅರೆಕ್ಷಣ ಉತ್ತರಿಸಲಾರದೆ ಕುಳಿತೆ. ಆಜ್ಞೆ ಮೀರಿದ್ದು ನಿಜ. ಆದರೆ ಆ ಸಭಾಂಗಣದಲ್ಲಿ ಅಳುವ ಮಗುವಿನ ಪರವಾಗಿ ಯೋಚಿಸಿದವರು ಅವಳೊಬ್ಬಳೇ ಎಂಬುದೂ ಅಷ್ಟೇ ನಿಜ.

ಕಾನೂನು ಏನು ಹೇಳುತ್ತದೆ ಎಂದು ನೋಡಿದೆ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಮಾಡಿದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಹದಿನಾಲ್ಕು ತುಂಬದ ಬಾಲಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತ 27 ದಿನಗಳನ್ನು ಮೀರುವಂತಿಲ್ಲ. ಸಂಪಾದನೆಯ ಕನಿಷ್ಠ ಶೇಕಡಾ 20ನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಒಳ್ಳೆಯ ನಿಯಮಗಳು. ಆದರೆ ನಟ, ಗಾಯಕ, ಕ್ರೀಡಾಪಟು, ನಿರೂಪಕ, ಹೀಗೆ ಮುಂದೆ ನಿಂತವರನ್ನು ಮನಸ್ಸಿನಲ್ಲಿಟ್ಟು ಬರೆದವು. ಪಠ್ಯೇತರ ಚಟುವಟಿಕೆಯೆಂದು ಸಂಜೆಯ ಹೊತ್ತು ಕ್ಯಾಮೆರಾದ ಹಿಂದೆ ನಿಂತ ವಿದ್ಯಾರ್ಥಿಯನ್ನು ನೆನೆದು ಬರೆದಂತಿಲ್ಲ. ಕಲೋತ್ಸವದ ಸ್ಪರ್ಧೆಗಳು ರಾತ್ರಿ ಬಹಳ ಹೊತ್ತಿನವರೆಗೆ ಎಳೆಯುವುದು ಎಲ್ಲರಿಗೂ ತಿಳಿದದ್ದೇ; ಹಾಡುವವನು ಹಾಡಿ ಮನೆಗೆ ಹೋಗುತ್ತಾನೆ, ಚಿತ್ರೀಕರಿಸುವವನು ಕೊನೆಯವರೆಗೆ ನಿಲ್ಲಬೇಕು. ಅವನ ಗಂಟೆಗಳನ್ನು ಎಣಿಸುವವರು ಯಾರು?

ಇನ್ನು ಕೃಪಾಂಕದ ವಿಚಾರ. ಈ ಸಂಘಗಳಲ್ಲಿ ಉತ್ತಮ ದರ್ಜೆ ಪಡೆದವರಿಗೆ ಎಸ್.ಎಸ್.ಎಲ್.ಸಿ.ಯಲ್ಲಿ ಕೃಪಾಂಕ ನೀಡುವ ಪದ್ಧತಿಯಿದೆ. ವ್ಯಾಪಾರಿಯಾದ ನನಗೆ ಇಲ್ಲಿ ಸಂಶಯ ಹುಟ್ಟುತ್ತದೆ. ದುಡಿಮೆಗೆ ಪ್ರತಿಫಲ ಬೇಡವೆಂದಲ್ಲ. ಆದರೆ ಅಂಕ ಕೊಡುವವರೂ ಆಜ್ಞೆ ಕೊಡುವವರೂ ಒಬ್ಬರೇ ಆದಾಗ, ಬೇಡವೆನಿಸಿದ ಕೆಲಸಕ್ಕೆ ಬೇಡವೆನ್ನುವ ಧೈರ್ಯ ಹದಿಮೂರರ ಮಗುವಿಗೆ ಎಲ್ಲಿಂದ ಬಂದೀತು? ಕೃಪಾಂಕವನ್ನು ತೆಗೆದರೆ ಸೇರುವವರ ಸಂಖ್ಯೆ ಇಳಿಯಬಹುದು, ಇಳಿಯಲಿ. ಉಳಿದವರು ಕೆಲಸದ ಮೇಲಿನ ಪ್ರೀತಿಯಿಂದ ಉಳಿದವರಾಗಿರುತ್ತಾರೆ.

ನಮ್ಮಲ್ಲಿಯೂ ಈಗ ಪ್ರತಿಯೊಂದು ಉತ್ಸವಕ್ಕೂ ನೇರಪ್ರಸಾರ ಬೇಕಾಗಿದೆ. ಕಾಲೇಜಿನ, ಶಾಲೆಯ ಹುಡುಗರನ್ನು ಕರೆದು ನಿಲ್ಲಿಸುವುದು ಅಗ್ಗವೂ ಹೌದು. ಕರೆಯುವ ಮಂಡಳಿಗಳು ಮನೆಗೆ ಹೋಗುವ ಗಂಟೆಯನ್ನು ಮೊದಲೇ ಗೊತ್ತುಮಾಡಲಿ. ಪ್ರಸಾರದ ಗುಂಡಿಯ ಬಳಿ ಒಬ್ಬ ವಯಸ್ಕ ಕುಳಿತಿರಲಿ. ಅಳುವ, ಬೀಳುವ, ಮೂರ್ಛೆಹೋಗುವ ಮನುಷ್ಯನಿಂದ ಕ್ಯಾಮೆರಾ ತಿರುಗಿಸಲು ಅದನ್ನು ಹಿಡಿದವರಿಗೆ ಯಾರ ಅಪ್ಪಣೆಯೂ ಬೇಡವೆಂದು ಆರಂಭದಲ್ಲಿಯೇ ಹೇಳಿಬಿಡಲಿ.

ಮೊಮ್ಮಗಳಿಗೆ ಆ ದಿನ ನಾನು ಕೊಟ್ಟ ಉತ್ತರ ಇಷ್ಟೇ: "ತಪ್ಪಲ್ಲ ಮಗಳೇ. ಆದರೆ ಗದರಿಸಿದವರಿಗೆ ನೀನೇ ಹೋಗಿ ಕಾರಣ ಹೇಳು." ಅವಳು ಹೋಗಿ ಹೇಳಿದಳು. ಅವರು ಏನೂ ಮಾತಾಡಲಿಲ್ಲವಂತೆ. ಮುಂದಿನ ವಾರ ಕ್ಯಾಮೆರಾ ಮತ್ತೆ ಅವಳ ಕೈಗೆ ಬಂತು.